ಬಿಸಿಲು ಕೊಟ್ಟು ಬೆಲ್ಲ

ಒಂದಾನೊಂದು ಊರಿನಲ್ಲಿ ಬಿಸಿಲೊಂದು ಬಿಟ್ಟರೆ ಮತ್ತೇನೂ ಇಲ್ಲದ ಒಬ್ಬ ಮುದುಕಿ ಇದ್ದಳಂತೆ. ಗುಮ್ಮಿಯಲ್ಲಿ ಜೋಳವಿಲ್ಲ, ಬುಡ್ಡಿಯಲ್ಲಿ ಎಣ್ಣೆಯಿಲ್ಲ, ಕೊಡದಲ್ಲಿ ನೀರು ಅರ್ಧಕ್ಕರ್ಧ. ಅಂಗಳದ ತುಂಬ ಮಾತ್ರ ಬಿಸಿಲು, ಮೊಳಕಾಲುಮಟ್ಟ ನಿಂತ ಬಿಸಿಲು. ಒಂದು ದಿನ ಅವಳಿಗೆ ಬೆಲ್ಲ ತಿನ್ನುವ ಆಸೆಯಾಯಿತು. ಇದ್ದದ್ದನ್ನು ಕೊಟ್ಟು ಇಲ್ಲದ್ದನ್ನು ತರುವುದಕ್ಕೇ ಅಲ್ಲವೇ ಅಂಗಡಿ ಇರುವುದು ಅಂದುಕೊಂಡು, ಅಂಗಳದ ಬಿಸಿಲನ್ನು ಬಾಚಿ ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಹೊರಟಳು. ಅಂಗಡಿಯವನ ಮುಂದೆ ಗಂಟು ಬಿಚ್ಚಿದಾಗ ಬಿಸಿಲು ಇತ್ತು, ನಿಜ. ಆದರೆ ಅಂಗಡಿಯ ಕಟ್ಟೆಯ ಮೇಲೂ ಇತ್ತು, ಬೀದಿಯಲ್ಲೂ ಇತ್ತು, ಎದುರಿಗೆ ನಿಂತ ಎಮ್ಮೆಯ ಬೆನ್ನ ಮೇಲೂ ಇತ್ತು. ಇದರಲ್ಲಿ ನಿನ್ನದು ಯಾವುದು, ನನ್ನದು ಯಾವುದು, ಎಮ್ಮೆಯದು ಯಾವುದು ಎಂದು ಅಂಗಡಿಯವನು ಕೇಳಿದ. ಮುದುಕಿ ಎಮ್ಮೆಯ ಬೆನ್ನನ್ನೊಮ್ಮೆ, ತನ್ನ ಗಂಟನ್ನೊಮ್ಮೆ ನೋಡಿದಳು. ಸೆರಗು ಕೊಡವಿಕೊಂಡು ಮನೆಗೆ ಬಂದಳು.

ಕಥೆ ಅಲ್ಲಿಗೇ ನಿಂತುಬಿಡುತ್ತಿತ್ತು. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತೇವೆ. ನಮ್ಮ ಆಯಿ ಹೇಳುವ ಉಳಿದ ಕಥೆಗಳಲ್ಲಿ ರಾಕ್ಷಸರು ಸಾಯುತ್ತಿದ್ದರು, ಕಳೆದ ಮಕ್ಕಳು ಸಿಗುತ್ತಿದ್ದರು. ಇದರಲ್ಲಿ ಮಾತ್ರ ಮುಂದೇನಾಯಿತು ಎಂದು ಕೇಳಿದರೆ, ಮುಂದೇನೂ ಆಗಿಲ್ಲ, ಆ ಮುದುಕಿ ಇನ್ನೂ ಬೆಲ್ಲ ತಿಂದಿಲ್ಲ ಅನ್ನುತ್ತಿದ್ದಳು. ನನಗೆ ಅದು ತಡೆಯಲಾಗದ ಅನ್ಯಾಯವಾಗಿ ಕಾಣುತ್ತಿತ್ತು. ಇನ್ನೂ ಹಾಲುಹಲ್ಲು ಬೀಳುತ್ತಿದ್ದ ವಯಸ್ಸಿನಲ್ಲಿ, ಆಯಿಯ ಕೈಮೇಲೆ ಕೈಯಿಟ್ಟು, ನಾನು ದೊಡ್ಡವಳಾಗಿ ಬಿಸಿಲು ಕೊಟ್ಟು ಬೆಲ್ಲ ಕೊಡಿಸುತ್ತೇನೆ ಎಂದು ಮಾತು ಕೊಟ್ಟೆ. ನಾನು ಮರೆತರೂ ಆಯಿ ಮರೆಯಲಿಲ್ಲ. ಎಂಜಿನಿಯರಿಂಗ್ ಸೇರಿದ ದಿನ, ಇದು ಬೆಲ್ಲದ ಓದೇನು ಎಂದು ಕೇಳಿದಳು. ಆಗ ಗೊತ್ತಿಲ್ಲ ಅಂದಿದ್ದೆ. ಕಲಬುರಗಿಯ ಹೊರಗಿನ ಬಯಲಿನಲ್ಲಿರುವ ಸೌರ ನಾಣ್ಯ ಕೇಂದ್ರದಲ್ಲಿ ಕೆಲಸ ಸಿಕ್ಕಾಗ, ಹೌದು ಆಯಿ, ಇದೇ ಬೆಲ್ಲದ ಓದು ಅಂದೆ.

ಕೇಂದ್ರದಲ್ಲಿ ನಾವು ಮಾಡುತ್ತಿದ್ದದ್ದೂ ಕೇಳುವುದಕ್ಕೆ ಕಥೆಯ ಹಾಗೇ ಇತ್ತು. ಕರಿಬಟ್ಟೆಯಂಥ ಒಂದು ಹಾಳೆ. ಹಪ್ಪಳದ ಸೀರೆ ಹಾಸುವಂತೆ ಅದನ್ನು ಮಾಳಿಗೆಯ ಮೇಲೆ ಹಾಸಿದರೆ ಬಿಸಿಲು ಕುಡಿದು ವಿದ್ಯುತ್ತು ಮಾಡುತ್ತದೆ. ಆ ವಿದ್ಯುತ್ತು ತಂತಿ ಹಿಡಿದು ಊರಾಚೆ ಹೋಗುತ್ತದೆ. ಹೋದದ್ದಕ್ಕೆ ಪ್ರತಿಯಾಗಿ ಆ ಮನೆಯ ಡಬ್ಬಿಯಲ್ಲಿ ಒಂದು ನಾಣ್ಯ ಹುಟ್ಟುತ್ತದೆ. ಕೈಗೆ ಸಿಗದ, ಕಣ್ಣಿಗೆ ಕಾಣದ ನಾಣ್ಯ. ಬರೀ ಉದ್ದನೆಯ ಗುಟ್ಟಿನ ಅಂಕಿ. ಪೇಪರಿನವರು ಅದನ್ನು ಬಿಸಿಲಿನ ಕ್ರಿಪ್ಟೋ ಎಂದು ಬರೆದರು. ನಮ್ಮೂರಿನ ಹೆಂಗಸರು ಮೊದಲ ದಿನವೇ ಅದಕ್ಕೆ ಝಳ ಎಂದು ಹೆಸರಿಟ್ಟರು, ಅದೇ ನಿಂತಿತು.

ಡಬ್ಬಿ ಅಂದರೆ ಗೋಡೆಗೆ ನೇತುಹಾಕುವ, ಕುಂಕುಮದ ಭರಣಿಗಿಂತ ತುಸು ದೊಡ್ಡ ಪೆಟ್ಟಿಗೆ. ಊರಿನ ಪ್ರತಿ ಮನೆಯ ಡಬ್ಬಿಗೂ ಊರಿನ ಎಲ್ಲ ಝಳಗಳ ಚರಿತ್ರೆ ಬಾಯಿಪಾಠ. ಇದು ಯಾವ ಮಾಳಿಗೆಯ, ಯಾವ ದಿನದ, ಯಾವ ಹೊತ್ತಿನ ಬಿಸಿಲು, ಈಗ ಯಾರ ಬಳಿ ಇದೆ ಎಂಬುದೆಲ್ಲ ಎಲ್ಲವಕ್ಕೂ ಗೊತ್ತು. ಒಂದು ಡಬ್ಬಿ ಸುಳ್ಳು ಹೇಳಿದರೆ ಮಿಕ್ಕವು ಒಪ್ಪುವುದಿಲ್ಲ. ಹಾಗಾಗಿ ಒಂದೇ ಬಿಸಿಲನ್ನು ಇಬ್ಬರಿಗೆ ಮಾರಲಿಕ್ಕೆ ಬರುವುದಿಲ್ಲ. ನಡುವೆ ಬ್ಯಾಂಕೂ ಬೇಡ, ಗುಮಾಸ್ತನೂ ಬೇಡ. ಇದನ್ನು ವಿವರಿಸಿದಾಗ ಆಯಿ, ಅಂದರೆ ಎಮ್ಮೆಯ ಬಿಸಿಲು ಬೇರೆ, ನಮ್ಮ ಬಿಸಿಲು ಬೇರೆ ಆದಂತಾಯಿತು ಅಂದಳು. ನಮ್ಮ ನಿರ್ದೇಶಕರು ಬರೆದ ಇಡೀ ಪ್ರಬಂಧದಲ್ಲಿ ಇಷ್ಟು ಸಲೀಸಾದ ವಾಕ್ಯ ಒಂದೂ ಇರಲಿಲ್ಲ.

ಆ ನಿರ್ದೇಶಕರು ಡಾಕ್ಟರ್ ಶಾಹೀನ್ ಜಾಗೀರದಾರ್. ಎತ್ತರದ, ಕಡಿಮೆ ಮಾತಿನ ಹೆಂಗಸು. ಈ ಮೊದಲು ಬೇರೆಲ್ಲೋ ನಡೆದ ಪ್ರಯೋಗದಲ್ಲಿ ಜನ ಸರಕೇ ಇಲ್ಲದೆ ನಾಣ್ಯವನ್ನು ಒಬ್ಬರಿಂದೊಬ್ಬರಿಗೆ ದಾಟಿಸಿ ದಾಟಿಸಿ ಅದರ ಬೆಲೆಯನ್ನು ಬಲೂನಿನಂತೆ ಊದಿಸಿದ್ದರು. ಅದು ಒಡೆದದ್ದನ್ನು ಮೇಡಂ ಕಣ್ಣಾರೆ ಕಂಡಿದ್ದರು. ಅದಕ್ಕೇ ನಮ್ಮ ಝಳಕ್ಕೆ ಅವರು ಸರಿತೂಕದ ನಿಯಮ ಹಾಕಿದ್ದರು. ಅಂಗಡಿಯಲ್ಲಿ ಒಂದು ವಿಶೇಷ ತಕ್ಕಡಿ ಇರುತ್ತದೆ. ಸರಕು ತೂಗಿ ಬೆಲೆ ಹೇಳಿದ ಮೇಲೆ ಕೊಳ್ಳುವವರು ಹೆಬ್ಬೆಟ್ಟು ಒತ್ತುತ್ತಾರೆ. ಆಗ ಝಳ ಅವರ ಮನೆಯಿಂದ ಹೊರಟು ಅಂಗಡಿಯ ಹೊಸ್ತಿಲ ಮೇಲೆ ನಿಂತಿರುತ್ತದೆ. ಪೊಟ್ಟಣ ಎತ್ತಿಕೊಂಡಾಗ ಎಷ್ಟು ತೂಕ ಹೋಯಿತೆಂದು ತಕ್ಕಡಿ ನೋಡುತ್ತದೆ. ಬೆಲೆ ಕಟ್ಟಿದಷ್ಟೇ ಹೋಗಿದ್ದರೆ ಝಳ ಅಂಗಡಿಗೆ ದಾಟುತ್ತದೆ. ಇಲ್ಲವಾದರೆ ಮನೆಗೆ ವಾಪಸು. ಓದು ಬಾರದವರಿಗೂ ತಿಳಿಯಲೆಂದು ತಕ್ಕಡಿ ಮಾತಾಡಬೇಕು ಎಂದು ನಾನು ಹಟ ಮಾಡಿ, ನನ್ನದೇ ದನಿ ತುಂಬಿಸಿದ್ದೆ. ಕೂಡಿತು, ಕೂಡಲಿಲ್ಲ. ಎರಡೇ ಮಾತು.

ಪ್ರಯೋಗಕ್ಕೆ ಊರು ಹುಡುಕುವಾಗ ನಾನು ನಮ್ಮ ಹೊನ್ನಹಿಪ್ಪರಗಿಯ ಹೆಸರು ಹೇಳಿದೆ. ಬಿಸಿಲಿಗೆ ಬರವಿಲ್ಲದ ಊರು. ಶಹಾಬಾದ ಫರಸಿಕಲ್ಲಿನ ಚಪ್ಪಟೆ ಮಾಳಿಗೆಗಳು ಒಂದಕ್ಕೊಂದು ತಾಗಿಕೊಂಡೇ ಇರುವುದರಿಂದ ಊರಿನ ಈ ತುದಿಯಿಂದ ಆ ತುದಿಗೆ ನೆಲಕ್ಕೆ ಕಾಲಿಡದೆ ಹೋಗಬಹುದು. ತೊಂದರೆ ಒಂದೇ. ಬೇಸಿಗೆಯಲ್ಲಿ ಮಾಳಿಗೆ ಅಂದರೆ ಹೆಂಗಸರ ರಾಜ್ಯ. ಶಾವಿಗೆ, ಸಂಡಿಗೆ, ಮೆಣಸಿನಕಾಯಿ ಎಲ್ಲ ಅಲ್ಲೇ. ಅದನ್ನು ಕರಿಹಾಳೆಗೆ ಬಿಟ್ಟುಕೊಡಿ ಎಂದು ಕೇಂದ್ರದವರು ಕೇಳಿದ್ದರೆ ಯಾರೂ ಕೇಳುತ್ತಿರಲಿಲ್ಲ. ಮನೆಮನೆಗೆ ಹೋಗಿ ನನ್ನ ಹೆಸರು ಹೇಳಿ ಕೇಳಿದವಳು ಆಯಿ. ನಮ್ಮ ನೀಲಗಂಗಾ ಹೇಳ್ಯಾಳ, ಮುಂದಿನ ಬ್ಯಾಸಗಿಯಾಗ ಸಂಡಿಗಿ ಹಾಕೋಣಂತ, ಈ ಬ್ಯಾಸಗಿಯಾಗ ರೊಕ್ಕ ಒಣಗಿಸೋಣ ಅಂದಳಂತೆ. ನಗುನಗುತ್ತಲೇ ಎಲ್ಲರೂ ಒಪ್ಪಿದರು. ಹಾಲು ಮಾರುವ ದುಂಡವ್ವ ಅತ್ತಿ ಮಾತ್ರ, ಈ ವರ್ಷದ ಖಾರದಪುಡಿ ನಿನ್ನ ಮೊಮ್ಮಗಳ ಹೆಸರಿಗೆ ಬರೀತೀನಿ ಎಂದು ಎಚ್ಚರಿಸಿಯೇ ಒಪ್ಪಿದ್ದಳು.

ಪ್ರಯೋಗಕ್ಕೆ ಹಣ ಕೊಟ್ಟವರು ಒಂದು ಗಡುವು ಹಾಕಿದ್ದರು. ಮೇ ತಿಂಗಳ ಕಡೆಯ ದಿನ ಹೊತ್ತು ಮುಳುಗುವುದರೊಳಗೆ ಅಂಗಡಿಯಲ್ಲಿ ಒಂದಾದರೂ ನಿಜವಾದ ವ್ಯಾಪಾರ ಝಳದಲ್ಲಿ ಕೂಡಬೇಕು. ಕೂಡದಿದ್ದರೆ ಇದು ನಾಣ್ಯವಲ್ಲ, ಆಟಿಕೆ. ಹಾಳೆ ಸುತ್ತಿಕೊಂಡು ಹೋಗಬೇಕು, ಡಬ್ಬಿಗಳಲ್ಲಿ ಕೂಡಿದ ಝಳವೆಲ್ಲ ಅಳಿಸಿಹೋಗುತ್ತದೆ. ಅದನ್ನು ಓದಿ ನಾನು ನಕ್ಕಿದ್ದೆ. ಒಂದು ವ್ಯಾಪಾರ ತಾನೆ, ಮೊದಲ ದಿನವೇ ಮುಗಿದುಹೋಗುತ್ತದೆ ಅಂದುಕೊಂಡಿದ್ದೆ.

ನಮ್ಮ ಓಣಿಯ ಬಾಯಲ್ಲೇ ರೇವಣಸಿದ್ದಪ್ಪನವರ ಕಿರಾಣಿ ಅಂಗಡಿ. ಊರಿಗೆಲ್ಲ ಅವರು ರೇವಪ್ಪ ಕಾಕಾ. ದಪ್ಪ ಕನ್ನಡಕ, ಹೆಗಲ ಮೇಲೊಂದು ವಲ್ಲಿ, ಯಾರನ್ನು ಕಂಡರೂ ಊಟ ಆಯ್ತೇನು ಎಂಬ ಪ್ರಶ್ನೆ. ಹೊಸ ತಕ್ಕಡಿಗೆ ವಿಭೂತಿ ಹಚ್ಚಿ, ಹೂವೇರಿಸಿ ಕೂರಿಸಿದ್ದರು. ಆಯಿ ಇಳಕಲ್ ಸೀರೆ ಉಟ್ಟು ಬಂದಳು. ಓಣಿಯ ಅರ್ಧ ಜನ ಹಿಂದೆ. ಕಾಕಾ ಬೆಲ್ಲದ ಪೆಂಟೆ ಒಡೆದು ತೂಗಿದರು, ಬೆಲೆ ಒತ್ತಿದರು. ಆಯಿ ಹೆಬ್ಬೆಟ್ಟು ಒತ್ತಿದಳು. ಪೊಟ್ಟಣ ಎತ್ತಿದಳು. ತಕ್ಕಡಿ ನನ್ನ ದನಿಯಲ್ಲಿ, ತುಂಬ ವಿನಯದಿಂದ, ಕೂಡಲಿಲ್ಲ ಅಂದಿತು.

ಮತ್ತೆ ತೂಗಿದರು. ಕೂಡಲಿಲ್ಲ. ಆಯಿ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಂಡು ಒತ್ತಿದಳು, ಎಡಗೈಯದು ಒತ್ತಿದಳು. ಕೂಡಲಿಲ್ಲ. ಬೆಲ್ಲದ ಮೇಲೇ ಸಿಟ್ಟಿರಬಹುದೆಂದು ಸಕ್ಕರೆ ತೂಗಿಸಿದೆವು, ಕಡಲೆಬೇಳೆ ತೂಗಿಸಿದೆವು. ಕೊನೆಗೆ ತೂಕದ ಗೊಡವೆಯೇ ಬೇಡವೆಂದು ಒಂದು ಸಾಬೂನು ಇಟ್ಟೆವು. ಅದೂ ಕೂಡಲಿಲ್ಲ. ಪಾಪ ಅನ್ನಿಸಿ ಕಾಕಾ, ಹೋಗಲಿ ಬಿಡವ್ವ, ಬೆಲ್ಲ ಒಯ್ಯಿ, ಆಮ್ಯಾಲ ನೋಡೋಣ ಅಂದರು. ಆಯಿ ಪೊಟ್ಟಣವನ್ನು ತಕ್ಕಡಿಯ ಮೇಲೆ ವಾಪಸಿಟ್ಟಳು. ಹಾಗೆ ಒಯ್ದರೆ ಅದು ಬಿಸಿಲು ಕೊಟ್ಟು ತಂದ ಬೆಲ್ಲ ಹೇಗಾಗುತ್ತದೆ ಎಂದು ಅವಳ ಪ್ರಶ್ನೆ.

ಅವತ್ತಿನಿಂದ ಓಣಿಯಲ್ಲಿ ನನಗೆ ಹೊಸ ನಮಸ್ಕಾರ ಶುರುವಾಯಿತು. ನಲ್ಲಿಯ ಹತ್ತಿರ ಹೋದರೆ ದುಂಡವ್ವ ಅತ್ತಿ ನನ್ನ ದನಿಯನ್ನೇ ತೆಗೆದು, ಮೂಗಿನಿಂದ, ಕೂಡಲಿಲ್ಲ ಅನ್ನುತ್ತಿದ್ದಳು. ನನಗೆ ನೋಡಿದ ಗಂಡುಗಳ ಮನೆಗೂ ಇದನ್ನೇ ಹೇಳಿ ಕಳಿಸಿದ್ದೀಯೇನು ಎಂದೂ ಕೇಳಿದಳು.

ಕೇಂದ್ರದ ಕಂಟ್ರೋಲ್ ರೂಮಿನಲ್ಲಿ ನನ್ನ ಜೊತೆ ಕೂರುವವನು ಪ್ರಹ್ಲಾದ, ತುಮಕೂರು ಕಡೆಯವನು. ಯಂತ್ರಗಳಿಗೆ ಅವನು ಮನೆ ಡಾಕ್ಟರ್ ಇದ್ದ ಹಾಗೆ. ನಾಡಿ ಹಿಡಿದು ನೋಡಿದಂತೆ ನೋಡುತ್ತಾನೆ. ಅಂಗಡಿಯದೇ ತರಹದ ಇನ್ನೊಂದು ತಕ್ಕಡಿಯನ್ನು ಮೇಜಿನ ಮೇಲಿಟ್ಟು ಅವನು ಅಂಗಡಿಯವನಾದ, ನಾನು ಗಿರಾಕಿಯಾದೆ. ಬೆಲ್ಲ ತೂಗಿದ, ನಾನು ಹೆಬ್ಬೆಟ್ಟು ಒತ್ತಿದೆ, ಎತ್ತಿದೆ. ಕೂಡಿತು. ನೂರು ಸಲ ಮಾಡಿದರೂ ನೂರು ಸಲವೂ ಕೂಡಿತು. ಬೆಲ್ಲ ಮೇಜಿಂದ ಮೇಜಿಗೆ ತಿರುಗಿ ತಿರುಗಿ ಕೀಬೋರ್ಡಿನೊಳಗೆ ಇರುವೆಗಳು ಸಂಸಾರ ಹೂಡಿದವು. ಹೀಗೇ ಕೊಂಡದ್ದನ್ನು ವ್ಯಾಪಾರ ಎಂದು ತೋರಿಸಿಬಿಡೋಣವೇ ಎಂದು ಪ್ರಹ್ಲಾದ ಕೇಳಿದಾಗ ಶಾಹೀನ್ ಮೇಡಂ ಅವನನ್ನು ಕನ್ನಡಕದ ಮೇಲಿಂದ ನೋಡಿದರು, ಅಷ್ಟೇ.

ಅಂಗಡಿಯ ತಕ್ಕಡಿ ಕಳಿಸುತ್ತಿದ್ದ ಅಂಕಿಗಳನ್ನು ನೋಡಿದರೆ ತಪ್ಪು ಏನೆಂದು ಕಾಣುತ್ತಿತ್ತು, ಯಾಕೆಂದು ಕಾಣುತ್ತಿರಲಿಲ್ಲ. ಪ್ರತಿ ಸಲವೂ ಬೆಲೆ ಕಟ್ಟಿದ ತೂಕಕ್ಕಿಂತ ಎತ್ತಿಕೊಂಡ ತೂಕ ಒಂದಿಷ್ಟು ಹೆಚ್ಚು. ನಮ್ಮೂರಿನ ಸೆಕೆಗೆ ತಕ್ಕಡಿಯೊಳಗಿನ ಲೋಹ ಹಿಗ್ಗುತ್ತಿರಬೇಕು ಎಂದು ಪ್ರಹ್ಲಾದ ತೀರ್ಮಾನ ಕೊಟ್ಟ. ಅದಕ್ಕೆ ಒದ್ದೆ ಗೋಣಿಚೀಲದ ಗುಡಿಸಲು ಕಟ್ಟಿಸಿದೆವು. ಕೂಡಲಿಲ್ಲ. ಗಾಳಿ ಇರಬೇಕೆಂದು ಗಾಜಿನ ಮರೆ ಇಟ್ಟೆವು. ಕೂಡಲಿಲ್ಲ. ತಕ್ಕಡಿಯನ್ನೇ ಬದಲಾಯಿಸಿದೆವು, ಮೇಜಿನ ಮೇಲೆ ನೂರು ಸಲ ಕೂಡಿದ್ದೇ ಅಂಗಡಿಗೆ ಹೋಯಿತು. ಅಲ್ಲಿ ಕಾಲಿಟ್ಟದ್ದೇ ತಡ, ಕೂಡಲಿಲ್ಲ ಎಂದು ಹಾಡಲು ಹತ್ತಿತು.

ದಿನ ಸರಿಯುತ್ತ ಬಂತು. ಮನೆಯಲ್ಲಿ ಆಯಿ ಸಂಜೆ ರೊಟ್ಟಿ ಬಡಿಯುತ್ತ, ಇವತ್ತು ನಮ್ಮ ಮಾಳಿಗೆಯಲ್ಲಿ ಎಷ್ಟು ಝಳ ಹುಟ್ಟಿತು ಎಂದಷ್ಟೇ ವಿಚಾರಿಸುವಳು, ಕರು ಹಾಕಿದ ಆಕಳನ್ನು ವಿಚಾರಿಸುವಂತೆ. ಹೇಳಿದರೆ ಹಿಗ್ಗುವಳು. ಒಂದು ದಿನ ಮಾತ್ರ, ತನ್ನ ಮಾತಿಗೆ ಅಷ್ಟು ಮಂದಿ ಮಾಳಿಗೆ ಬಿಟ್ಟುಕೊಟ್ಟರಲ್ಲ, ಅವರಿಗೆ ಏನು ಹೇಳುವುದು ಎಂದು ಹಂಚಿನ ಕಡೆ ಮುಖ ಮಾಡಿಕೊಂಡೇ ಅಂದಳು. ನಾನು ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಮತ್ತೆ ಅಂಕಿಗಳ ಮುಂದೆ ಕೂತೆ.

ಕಡೆಯ ದಿನ ಶಾಹೀನ್ ಮೇಡಂ ಸ್ವತಃ ನನ್ನ ಜೊತೆ ಬಂದರು. ಪ್ರಹ್ಲಾದ ಕಂಟ್ರೋಲ್ ರೂಮಿನಲ್ಲಿ ಅಂಕಿ ನೋಡುತ್ತ ಫೋನಿನಲ್ಲಿರಬೇಕೆಂದು ಮಾತಾಗಿತ್ತು. ಅಂಗಡಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಮೇಡಂ ಬಿಸಿಲಿಗೆ ಬಾಯಾರಿ ಮೊದಲು ನೋಟು ಕೊಟ್ಟು ಒಂದಿಷ್ಟು ಕಲ್ಲುಸಕ್ಕರೆ ಕೊಂಡರು, ಬಾಯಿಗೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತು ಕೆಲಸ ಶುರುಮಾಡಿ ಎಂದರು. ಕಾಕಾ ಬೆಲ್ಲ ತೂಗಿದರು. ಆಯಿ ಹೆಬ್ಬೆಟ್ಟು ಒತ್ತಿದಳು. ಫೋನಿನಲ್ಲಿ ಪ್ರಹ್ಲಾದನ ದನಿ ಒಮ್ಮೆಲೇ ಏರಿತು. ಅಂಕಿ ಈಗ ತಾನೇ ಜಿಗಿಯಿತು, ತಕ್ಕಡಿಗೆ ಯಾರೋ ಕೈ ಹಾಕ್ತಿದ್ದಾರೆ ಅಂದ.

ತಕ್ಕಡಿಗೆ ಕೈ ಹಾಕುವುದು ಅಂದರೆ ಒಬ್ಬ ವ್ಯಾಪಾರಸ್ಥನಿಗೆ ಅದಕ್ಕಿಂತ ಕೆಟ್ಟ ಮಾತಿಲ್ಲ. ಕಾಕಾ ಕನ್ನಡಕ ತೆಗೆದರು, ವಲ್ಲಿಯಿಂದ ಒರೆಸಿದರು, ಮತ್ತೆ ಹಾಕಿಕೊಂಡರು.

"ನಾ ಕಡಿಮಿ ಕೊಟ್ಟೀನಂತೇನು ಅಂವಾ ಅನ್ನೋದು?"

ಕಡಿಮೆ ಅಲ್ಲ ಕಾಕಾ, ಹೆಚ್ಚು ಕೊಟ್ಟಿದ್ದೀರಿ ಅಂತ, ಎಂದು ನಾನು ತೊದಲಿದೆ. ಹೆಚ್ಚು ಕೊಟ್ಟ ಕಳ್ಳನನ್ನು ಯಾರು ಕಂಡಿದ್ದಾರೆ ಎಂದು ಅವರು ಎದ್ದೇಬಿಟ್ಟರು. ಗಲ್ಲೆಯಿಂದ ಇಳಿದು, ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು, ಇಕಾ ನನ್ನ ಕೈ ಇಲ್ಲೇ ಅವ, ನೀನೇ ತೂಗು, ಕೂಡ್ತದೇನು ನೋಡೇಬಿಡೋಣ ಎಂದು ನನ್ನನ್ನು ಅವರ ಜಾಗದಲ್ಲಿ ಕೂರಿಸಿದರು.

ಜೀವಮಾನದಲ್ಲಿ ಮೊದಲ ಸಲ ಕಿರಾಣಿ ಗಲ್ಲೆಯ ಮೇಲೆ ಕೂತೆ. ಅಲ್ಲಿಂದ ನೋಡಿದರೆ ಓಣಿಯೇ ಬೇರೆ ಕಾಣುತ್ತಿತ್ತು. ಎಲ್ಲರೂ ಏನಾದರೂ ಬೇಕೆಂಬ ಮುಖದಲ್ಲಿ ನಿಂತಿದ್ದರು, ಎದುರಿಗೆ ಆಯಿ, ಕೈಚೀಲ ಹಿಡಿದುಕೊಂಡು, ನನ್ನ ಗಿರಾಕಿ. ಬೆಲ್ಲ ಒಡೆದೆ, ಇಟ್ಟೆ, ಕರಾರುವಾಕ್ಕಾಗಿ ತೂಗಿದೆ, ಬೆಲೆ ಒತ್ತಿದೆ. ಆಯಿ ಹೆಬ್ಬೆಟ್ಟು ಒತ್ತಿದಳು. ಪೊಟ್ಟಣ ಎತ್ತಲು ಅವಳು ಕೈ ಚಾಚಿದಾಗ ಪ್ರಹ್ಲಾದ ಫೋನಿನಲ್ಲಿ ಮತ್ತೆ, ನೋಡಿ ಮೇಡಂ, ಈಗ, ಈಗಲೂ ಜಿಗಿಯಿತು ಎಂದು ಕೂಗಿದ.

ನಾನು ಕೆಳಗೆ ನೋಡಿದೆ. ನನ್ನ ಬಲಗೈ ಬೆಲ್ಲದ ಪೆಂಟೆಯಿಂದ ಒಂದು ಚೂರು ಮುರಿದು, ತೂಗಿದ್ದರ ಮೇಲೆ ಹಾಕಿ, ಆಗಷ್ಟೇ ಹಿಂದೆ ಬರುತ್ತಿತ್ತು. ನಾನು ಅದಕ್ಕೆ ಹೇಳಿರಲಿಲ್ಲ. ಅದು ನನ್ನನ್ನು ಕೇಳಿರಲಿಲ್ಲ.

"ಕೊಸರು," ಅಂದೆ.

ಮೇಡಂ ಬಾಯಲ್ಲಿದ್ದ ಕಲ್ಲುಸಕ್ಕರೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಿಸಿದರು. ಕೈಯಲ್ಲಿದ್ದ ಪೊಟ್ಟಣ ಬಿಚ್ಚಿ ನೋಡಿದರು. ತೂಗಿದ ಮೇಲೆ ಕಾಕಾ ಅದಕ್ಕೂ ನಾಲ್ಕು ಹರಳು ಪುಕ್ಕಟೆ ಉದುರಿಸಿದ್ದರು. ಮೇಡಂ ಸುಮ್ಮನೆ ಇಸಿದುಕೊಂಡಿದ್ದರು. ಸಕ್ಕರೆಗೆ ಒಂದು ಚಿಟಿಕೆ, ಬೇಳೆಗೆ ಒಂದು ಮುಷ್ಟಿ. ಆ ಸಾಬೂನಿನ ಮೇಲೆ ಕಾಕಾ ಒಂದು ಪೆಪ್ಪರಮಿಂಟು ಇಟ್ಟಿದ್ದರಲ್ಲ, ಅದನ್ನು ನಾನೇ ತಿಂದಿದ್ದೆ. ಇಷ್ಟು ದಿನ ಎಲ್ಲರ ಕಣ್ಣೆದುರೇ ಆ ಕೈ ಹೋಗಿ ಬರುತ್ತಿತ್ತು. ಹುಟ್ಟಿದಂದಿನಿಂದ ನೋಡುತ್ತ ಬಂದದ್ದನ್ನು ನಾವು ಯಾರೂ ನೋಡಿರಲಿಲ್ಲ. ಕೇಂದ್ರದಲ್ಲಿ ಪ್ರಹ್ಲಾದನ ತಲೆತುಂಬ ಯಂತ್ರವಿತ್ತು. ಅವನು ಕೊಸರು ಹಾಕಿರಲಿಲ್ಲ, ಅದಕ್ಕೇ ಕೂಡಿತ್ತು.

ಫೋನಿನಲ್ಲಿ ಅವನು ಇದನ್ನು ಕೇಳಿ ನಿಟ್ಟುಸಿರು ಬಿಟ್ಟ. ಹಾಗಾದರೆ ಸುಲಭವಾಯಿತಲ್ಲ, ಕೊಸರು ಹಾಕಬೇಡಿ, ಈಗಲೇ ಮುಗಿದುಹೋಗುತ್ತದೆ ಅಂದ.

ನನಗೂ ಹಾಗೇ ಅನ್ನಿಸಿತ್ತು. ಆದರೆ ಕಾಕಾ ತಲೆಯಾಡಿಸಿದರು. ತೂಗಿದಷ್ಟೇ ಕೊಟ್ಟು ಕಳಿಸಲು ತಾನೇನು ಔಷಧಿ ಅಂಗಡಿ ಇಟ್ಟಿಲ್ಲ ಅಂದರು. ಹೊಸ ರೊಕ್ಕದ ಮೊದಲ ವ್ಯಾಪಾರವೇ ಕೊಸರಿಲ್ಲದೆ ಆದರೆ ಆ ರೊಕ್ಕ ಈ ಊರಲ್ಲಿ ಬಾಳುವುದಿಲ್ಲ ಎಂದೂ ಸೇರಿಸಿದರು. ಹಾಗಾದರೆ ಪೊಟ್ಟಣ ಎತ್ತಿದ ಮೇಲೆ ಚೀಲಕ್ಕೆ ಹಾಕಿ ಎಂದು ಬೇಡಿಕೊಂಡೆ. ತಕ್ಕಡಿಗೆ ಬಿದ್ದರೆ ಕೊಸರು, ಕೈಯಿಂದ ಚೀಲಕ್ಕೆ ಬಿದ್ದರೆ ಭಿಕ್ಷೆ, ಈ ಆಯಿಗೆ ನಾನು ಭಿಕ್ಷೆ ಹಾಕಲೇನು ಎಂದು ಕೇಳಿದರು. ನಾನು ಆಯಿಯ ಮುಖ ನೋಡಿದೆ. ಅವಳಾದರೂ ಹ್ಞೂಂ ಅನ್ನಲಿ ಎಂದು ಒಳಗೇ ಕೈಮುಗಿದೆ. ಓಣಿಗೆ ಕೊಟ್ಟ ಮಾತು ಅವಳದು, ಅವಳಿಗೆ ಕೊಟ್ಟ ಮಾತು ನನ್ನದು, ನೆರಳು ಆಗಲೇ ಅಂಗಡಿಯ ಎರಡನೇ ಮೆಟ್ಟಿಲು ಹತ್ತಿತ್ತು.

"ಕೊಸರಿಲ್ಲದ ಬೆಲ್ಲ ನನಗ ಬ್ಯಾಡ," ಅಂದಳು ಆಯಿ. "ನಿನ್ನ ಯಂತ್ರಕ್ಕ ಕಲಿಸು."

ಯಂತ್ರಕ್ಕೆ ಕಲಿಸುವುದು ಅಂದರೆ ಸರಿತೂಕದ ನಿಯಮ ಬದಲಿಸುವುದು. ಮೇಡಂ ಪೊಟ್ಟಣದ ಕಲ್ಲುಸಕ್ಕರೆಯನ್ನು ಅಂಗೈಗೆ ಸುರಿದುಕೊಂಡು ನೋಡಿದರು. ಆಮೇಲೆ ಮೆಲ್ಲಗೆ, ಕೊಸರು ಅಂದರೆ ಎಷ್ಟು ಎಂದು ಕೇಳಿದರು. ಕಾಕಾ ಮೂರು ಬೆರಳು ಕೂಡಿಸಿ ತೋರಿಸಿದರು. ಆಯಿ ಅದು ಬೆಲ್ಲಕ್ಕೆ, ಚುರುಮುರಿಗೆ ಬೊಗಸೆ ಅಂದಳು. ಬಸುರಿಗೆ ಜಾಸ್ತಿ, ಜಗಳಗಂಟರಿಗೆ ಕಡಿಮೆ ಎಂದು ಹಿಂದಿನಿಂದ ಯಾರೋ ಹೇಳಿದರು. ಫೋನಿನಲ್ಲಿ ಪ್ರಹ್ಲಾದ, ದಯವಿಟ್ಟು ಒಂದು ಅಂಕಿ ಹೇಳಿ ಎಂದು ಗೋಗರೆಯುತ್ತಿದ್ದ. ಅಂಕಿ ಯಾರ ಬಳಿಯೂ ಇರಲಿಲ್ಲ. ಮೇಡಮ್ಮಿನ ಚಿಂತೆಯೂ ಸುಳ್ಳಲ್ಲ: ಅಳತೆಯಿಲ್ಲದ ಬಾಗಿಲು ತೆರೆದರೆ ನಾಳೆ ಯಾರೋ ಒಂದು ಝಳಕ್ಕೆ ಒಂದು ಚೀಲ ತೊಗರಿ ದಾಟಿಸಿ, ಎಲ್ಲ ಕೊಸರು ಅನ್ನಬಹುದು. ಅವರು ಕಂಡ ಬಲೂನು ಒಡೆದದ್ದು ಇಂಥದೇ ಸಣ್ಣ ತೂತಿನಿಂದ.

ಆಗ ನನಗೆ ಹೊಳೆದದ್ದನ್ನು ಹೇಳಿದೆ. ನಾವು ಕೊಸರಿನ ಅಳತೆ ಹುಡುಕುತ್ತಿದ್ದೇವೆ, ಅದಕ್ಕೆ ಬೇಕಾದದ್ದು ಅಳತೆಯಲ್ಲ, ಕೊಟ್ಟವರ ಹೆಸರು. ಹೆಚ್ಚಿಗೆ ಹೋದ ತೂಕಕ್ಕೆ ಮಾರುವವರು ಹೆಬ್ಬೆಟ್ಟು ಒತ್ತಿ ಇದನ್ನು ನಾನು ಕೊಟ್ಟೆ ಅಂದರೆ ಸಾಕು. ಬೆಲೆ ಬೇರೆ ಕೂಡಲಿ, ಕೊಸರು ಪಕ್ಕದಲ್ಲೇ ಬೇರೆ ನಿಲ್ಲಲಿ. ಊರಿನ ಎಲ್ಲ ಡಬ್ಬಿಗಳಿಗೂ ಅದು ಕಾಣುತ್ತದೆ. ಒಂದು ಚೀಲ ತೊಗರಿ ಕೊಸರು ಕೊಟ್ಟವನ ಸುದ್ದಿ ನಲ್ಲಿಯ ಹತ್ತಿರ ದುಂಡವ್ವ ಅತ್ತಿಯ ಬಾಯಿಗೆ ಬಿದ್ದರೆ ಅವನ ಕಥೆ ಏನಾಗುತ್ತದೆ, ಮೇಡಂ?

ಮೇಡಂ ನಕ್ಕರು. ಅವರನ್ನು ನಗುವಂತೆ ಮಾಡಿದ್ದು ಆ ವರ್ಷ ಅದೇ ಮೊದಲು. ಜೋಳದ ಚೀಲದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಹೊಸ ನಿಯಮ ಬರೆಯತೊಡಗಿದರು. ನಿಯಮ ಚಿಕ್ಕದು, ಬೇಗ ಮುಗಿಯಿತು. ಆದರೆ ನಡುವೆ ಒಡೆಯರಿಲ್ಲದ ನಾಣ್ಯದಲ್ಲಿ ನಿರ್ದೇಶಕರಿಗೂ ಅಪ್ಪಣೆ ಕೊಡುವ ಹಕ್ಕಿಲ್ಲ. ಹೊಸ ನಿಯಮಕ್ಕೆ ಊರಿನ ಅರ್ಧಕ್ಕಿಂತ ಹೆಚ್ಚು ಡಬ್ಬಿಗಳು ಒಪ್ಪಬೇಕು. ಅಂದರೆ ಅಷ್ಟು ಮನೆಯವರು ತಮ್ಮ ತಮ್ಮ ಡಬ್ಬಿಗೆ ಹೆಬ್ಬೆಟ್ಟು ಒತ್ತಬೇಕು, ಹೊತ್ತು ಮುಳುಗುವುದರೊಳಗೆ.

ಬೀದಿಯಲ್ಲಿ ಓಡಿ ಹೇಳಿಬರುವಷ್ಟು ಹೊತ್ತು ಇರಲಿಲ್ಲ. ಆಯಿ ಸೀದಾ ಕಾಕಾನ ಮಾಳಿಗೆ ಹತ್ತಿದಳು. ನಾನು ಹಿಂದೆ. ಮೇಲೆ ಕರಿಹಾಳೆಗಳು ಇಳಿಬಿಸಿಲಿಗೆ ಕೆರೆಯಂತೆ ಹೊಳೆಯುತ್ತಿದ್ದವು. ಆಯಿ ಬಾಯಿಗೆ ಕೈ ಅಡ್ಡ ಹಿಡಿದು ಪಕ್ಕದ ಮಾಳಿಗೆಗೆ ಕೂಗಿದಳು: ಝಳದಾಗ ಕೊಂಡರ ಕೊಸರು ಬೇಕಂದ್ರ ಡಬ್ಬಿ ಒತ್ರಿ. ಆ ಮಾಳಿಗೆಯವಳು ಆಚೆಯ ಮಾಳಿಗೆಗೆ ಕೂಗಿದಳು. ಮಾತು ಮಾಳಿಗೆಯಿಂದ ಮಾಳಿಗೆಗೆ ಹಾರುತ್ತ ಹೋಯಿತು, ಒಂದೊಂದು ಕಡೆ ಒಂದೊಂದು ಒಗ್ಗರಣೆ ಬೀಳುತ್ತ. ದೂರದ ಮಾಳಿಗೆಯೊಂದರಿಂದ, ಅರ್ಧ ಕಿಲೋ ಕೊಸರು ಕೊಡ್ತಾರಂತ ಖರೇನಾ ಎಂಬ ಪ್ರಶ್ನೆ ತಿರುಗಿ ಬಂತು. ಕೆಳಗಿನಿಂದ ಕಾಕಾ, ಯವ್ವಾ, ಅಂಗಡಿ ಮುಳುಗಸಬ್ಯಾಡ್ರಿ ಎಂದು ಮೊರೆಯಿಟ್ಟರು.

ಪ್ರಹ್ಲಾದ ಫೋನಿನಲ್ಲಿ ಬರುತ್ತಿದ್ದ ಒಪ್ಪಿಗೆಗಳನ್ನು ಕ್ರಿಕೆಟ್ ಕಾಮೆಂಟರಿಯಂತೆ ಹೇಳುತ್ತಿದ್ದ. ಸರಸರನೆ ಏರಿತು, ಆಮೇಲೆ ನಿಧಾನವಾಯಿತು, ಆಮೇಲೆ ಸರಿಯಾಗಿ ಅರ್ಧಕ್ಕೆ ಬಂದು ನಿಂತಿತು. ಇನ್ನೊಂದು ಬೇಕು. ಮನೆಯಲ್ಲಿದ್ದವರೆಲ್ಲ ಒತ್ತಿಯಾಗಿತ್ತು, ಹೊಲಕ್ಕೆ ಹೋದವರು ಇನ್ನೂ ಬಂದಿರಲಿಲ್ಲ. ಎದುರಿನ ಮಾಳಿಗೆಯ ಮೇಲೆ ದುಂಡವ್ವ ಅತ್ತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಒತ್ತಿರಲಿಲ್ಲ.

ಅವಳ ತಕರಾರು ಬೇರೆಯೇ. ಹಾಲು ಕೊಳ್ಳುವವರೂ ಝಳ ಕೊಟ್ಟರೆ, ಅವಳೂ ಕೊಸರು ಹಾಲು ಹಾಕಿ, ಊರಿಗೆಲ್ಲ ಕಾಣುವ ಹಾಗೆ ಹೆಬ್ಬೆಟ್ಟು ಒತ್ತಬೇಕಾಗುತ್ತದೆ. ಯಾರಿಗೆ ಎಷ್ಟು ಹಾಕಿದೆ ಎಂದು ಎಲ್ಲರಿಗೂ ಗೊತ್ತಾದರೆ ನಾಳೆ ಎಲ್ಲರೂ ಚೊಂಬು ಹಿಡಿದು ಜಗಳಕ್ಕೆ ಬರುತ್ತಾರೆ. ಆಯಿ ಅದನ್ನೆಲ್ಲ ತಾಳ್ಮೆಯಿಂದ ಕೇಳಿದಳು. ನಡುವೆ ಓಣಿಯಷ್ಟು ಅಗಲ, ಸೂರ್ಯ ಬೇವಿನ ಮರದ ಕೊಂಬೆಗೆ ಇಳಿದಿದ್ದ.

"ಹೌದೇ ದುಂಡವ್ವ," ಅಂದಳು ಆಯಿ, "ನೀ ಇಷ್ಟು ದಿನ ಕೊಸರು ಹಾಕೀದಿಯೇನು?"

ಓಣಿಯ ನಗು ಎರಡೂ ಕಡೆಯಿಂದ ಎದ್ದಿತು. ದುಂಡವ್ವ ಅತ್ತಿ ಮುಖ ತಿರುಗಿಸಿಕೊಂಡು ಮೆಟ್ಟಿಲಿಳಿದು ಹೋದಳು. ಸಿಟ್ಟಾದಳು, ಎಲ್ಲ ಮುಗಿಯಿತು ಅಂದುಕೊಂಡೆ. ಆಮೇಲೆ ಅವಳ ಮನೆಯ ಕಿಟಕಿಯೊಳಗಿಂದ, ಒತ್ತೀನಿ, ನಾಳಿಯಿಂದ ನನ್ನ ಕೊಸರು ನೋಡಿ ಎಲ್ಲರೂ ಹೊಟ್ಟಿ ಉರ್ಕೋರಿ ಎಂಬ ಕೂಗು ಬಂತು. ಅದರ ಹಿಂದೆಯೇ ಪ್ರಹ್ಲಾದನ ಶಿಳ್ಳೆ.

ನಾವು ಕೆಳಗಿಳಿದಾಗ ಕಾಕಾ ಗಲ್ಲೆಯ ಮೇಲೆ ಕೂತಾಗಿತ್ತು. ಅಂಗಡಿಯ ಮುಂದೆ ಕಾಲಿಡಲು ಜಾಗವಿಲ್ಲ. ಬೆಲ್ಲ ತೂಗಿದರು, ಬೆಲೆ ಒತ್ತಿದರು. ಆಯಿ ಹೆಬ್ಬೆಟ್ಟು ಒತ್ತಿದಳು. ನಮ್ಮ ಮಾಳಿಗೆಯಲ್ಲಿ ಬಿದ್ದ ಬಿಸಿಲು ಮನೆಬಿಟ್ಟು ಹೊಸ್ತಿಲ ಮೇಲೆ ಬಂದು ನಿಂತಿತು. ಕಾಕಾ ಮೂರು ಬೆರಳಲ್ಲಿ ಒಂದು ಚೂರು ಬೆಲ್ಲ ಮುರಿದು ಮೇಲೆ ಹಾಕಿ, ತಮ್ಮ ಹೆಬ್ಬೆಟ್ಟು ಒತ್ತಿದರು. ಇನ್ನು ಆಯಿ ಪೊಟ್ಟಣ ಎತ್ತಬೇಕು. ಬೇವಿನ ಮರದ ಹಿಂದೆ ಕೆಂಪು ಬೊಟ್ಟಿನಷ್ಟು ಸೂರ್ಯ ಉಳಿದಿದ್ದ.

ಆಯಿ ಎತ್ತಲಿಲ್ಲ. ಬಗ್ಗಿ ತಕ್ಕಡಿಯ ತಟ್ಟೆಯನ್ನೇ ನೋಡಿದಳು.

"ಇಷ್ಟೇ ಏನು ಕೊಸರು, ರೇವಪ್ಪ?"

ನಾನು ಬೇವಿನ ಮರದ ಕಡೆ ತಿರುಗಿ ನೋಡಿದೆ. ಕಾಕಾ ಮಾತ್ರ, ಈ ಪ್ರಶ್ನೆ ಬರುತ್ತದೆಂದು ಗೊತ್ತಿದ್ದವರಂತೆ, ಗೊಣಗುತ್ತ ಇನ್ನೊಂದು ಚೂರು ಮುರಿದರು. ಹಾಕಿದರು. ಮತ್ತೆ ಹೆಬ್ಬೆಟ್ಟು ಒತ್ತಿದರು. ಆಯಿ ಪೊಟ್ಟಣ ಎತ್ತಿದಳು.

ತಕ್ಕಡಿ ಒಂದಿಷ್ಟು ಯೋಚಿಸಿತು. ಊರಿನ ಗೋಡೆಗಳ ಮೇಲಿನ ಡಬ್ಬಿಗಳೆಲ್ಲ ಒಂದನ್ನೊಂದು ಕೇಳಿಕೊಳ್ಳುತ್ತಿದ್ದವು.

ಕೂಡಿತು, ಅಂದಿತು ನನ್ನ ದನಿ.

ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ಆಯಿ ಆ ಗದ್ದಲದಲ್ಲಿ ಪೊಟ್ಟಣ ಬಿಚ್ಚಿ, ಮೇಲಿದ್ದ ಕೊಸರಿನ ಚೂರನ್ನು ಬಾಯಿಗೆ ಹಾಕಿಕೊಂಡು, ಕಣ್ಣುಮುಚ್ಚಿ, ನಿಧಾನವಾಗಿ ಚೀಪಿದಳು.